ಬನ್ಸಿ ರವೆ ಯಾರ ಪಾಲಿಗೂ ಇಲ್ಲ

ರಜೆಗೆ ಮೈಸೂರಿಗೆ ಬಂದಿದ್ದಾಗ ಸೂಪರ್ ಮಾರ್ಕೆಟ್ಟೊಂದರಲ್ಲಿ ಬನ್ಸಿ ರವೆ ಎಲ್ಲಿದೆ ಎಂದು ಕೇಳಿದೆ. ಎದುರಿಗಿದ್ದ ಹುಡುಗ ಓಟ್ಸ್ ಪೊಟ್ಟಣ ಕೈಗಿತ್ತು, "ಇದನ್ನು ತೆಗೆದುಕೊಳ್ಳಿ ಸಾರ್, ಒಂದಕ್ಕೆ ಒಂದು ಉಚಿತ" ಎಂದ. ಉಪ್ಪಿಟ್ಟಿಗೆ ಬೇಕಿತ್ತು ಎಂದೆ. ಇದರಲ್ಲೂ ಉಪ್ಪಿಟ್ಟು ಮಾಡಬಹುದು ಎಂದ. ಪಕ್ಕದಲ್ಲಿದ್ದ ಇನ್ನಿಬ್ಬರು ಮುಖ ಮುಖ ನೋಡಿಕೊಂಡರು. ರವೆ ತೋರಿಸುವ ಕೆಲಸ ಅವರ ಪಾಲಿಗೂ ಬಂದಿರಲಿಲ್ಲ.

ನಮ್ಮ ದೊಡ್ಡ ಮಳಿಗೆಗಳಲ್ಲಿ ಹೀಗೆ ನಿಂತಿರುವವರಲ್ಲಿ ಹಲವರು ಮಳಿಗೆಯ ನೌಕರರೇ ಅಲ್ಲ. ಎಣ್ಣೆ, ಸಾಬೂನು, ಬಿಸ್ಕತ್ತಿನ ಕಂಪನಿಗಳು ತಮ್ಮ ಮಾಲು ಖರ್ಚಾಗಲೆಂದು ನಿಲ್ಲಿಸಿದವರು. ಆ ಹುಡುಗನನ್ನು ದೂರಿ ಫಲವಿಲ್ಲ. ಸಿಟ್ಟು ಬರುವುದು ಈ ಏರ್ಪಾಟಿನ ಮೇಲೆ. ಗಿರಾಕಿಯ ಹಿಂದೆ ಮುಂದೆ ಇಷ್ಟು ಜನ ಸುಳಿದಾಡುತ್ತಾರೆ, ಕೇಳಿದ್ದಕ್ಕೆ ಉತ್ತರಿಸುವ ಹೊಣೆ ಮಾತ್ರ ಯಾರದ್ದೂ ಅಲ್ಲ. ಬಾಗಿಲಲ್ಲಿ ಬಿಲ್ಲಿಗೆ ತೂತು ಹೊಡೆಯಲು ಒಬ್ಬ ತಪ್ಪದೆ ಇರುತ್ತಾನೆ!

ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅಗ್ಗದ ಮಳಿಗೆಗೆ ಹೋದರೆ ಇಡೀ ಅಂಗಡಿಗೆ ಮೂರ್ನಾಲ್ಕು ಜನ. ಹಾಲು ಜೋಡಿಸುತ್ತಿದ್ದವಳೇ ಸಾಲು ಬೆಳೆದಾಗ ಓಡಿ ಬಂದು ಇನ್ನೊಂದು ಗಲ್ಲಾ ತೆರೆಯುತ್ತಾಳೆ. ತಾನಾಗಿ ಬಂದು ಏನು ಬೇಕೆಂದು ವಿಚಾರಿಸುವುದಿಲ್ಲ, ನಗುವುದಂತೂ ದೂರವೇ ಉಳಿಯಿತು. ಆದರೆ ರವೆ ಎಲ್ಲಿ ಎಂದು ಕೇಳಿದಾಗ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು, ಹಿಟ್ಟಿನ ಕಪಾಟಿನವರೆಗೆ ನಡೆದು, ಮೆದು ಗೋಧಿಯದೋ ಗಟ್ಟಿ ಗೋಧಿಯದೋ ಎಂದು ಕೇಳಿ ತೋರಿಸಿ ಹೋದಳು. ನನಗೆ ಬೇಕಾದ ಉಪಚಾರ ಇಷ್ಟೇ.

1997ರಲ್ಲಿ ಜರ್ಮನಿಗೆ ಬಂದ ವಾಲ್‌ಮಾರ್ಟ್, ಅಮೆರಿಕದ ರೂಢಿಯಂತೆ ಬಾಗಿಲಲ್ಲಿ ಸ್ವಾಗತಿಸುವವರನ್ನೂ ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರನ್ನೂ ಇಟ್ಟಿತ್ತು. ತಮ್ಮ ಸಾಮಾನನ್ನು ಪರರು ಮುಟ್ಟುವುದು ಇಲ್ಲಿನವರಿಗೆ ಹಿಡಿಸಲಿಲ್ಲ. ಬೆಲೆಯ ಪೈಪೋಟಿಯಂಥ ದೊಡ್ಡ ಕಾರಣಗಳೂ ಸೇರಿ 2006ರಲ್ಲಿ ಅದು ಗಂಟುಮೂಟೆ ಕಟ್ಟಿತು. ಈ ಕಥೆ ಕೇಳಿದಾಗ ನಾನು ಜರ್ಮನರ ಪಕ್ಷ ವಹಿಸಿದೆ.

ಇಲ್ಲಿ ಗಲ್ಲಾದವರು ಕುಳಿತೇ ಕೆಲಸ ಮಾಡುತ್ತಾರೆ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು. ಮೈಸೂರಿನಲ್ಲಿ ನಾನು ಕಂಡವರೆಲ್ಲ ನಿಂತೇ ಇದ್ದರು. ಬೆಳಗಿನಿಂದ ನಿಂತು ಕಾಲು ಸೋತವರಿಂದ ಬನ್ಸಿ, ಚಿರೋಟಿಗಳ ವ್ಯತ್ಯಾಸ ನಿರೀಕ್ಷಿಸುವುದು ಹೇಗೆ?

ಇದನ್ನೆಲ್ಲ ಅಮ್ಮ ಒಪ್ಪುವುದಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಪೊಟ್ಟಣದ ಮೇಲಿನ ತಾರೀಕು ಓದಿ ಹೇಳುವವರು, ಮೇಲಿನ ಡಬ್ಬಿ ಇಳಿಸಿಕೊಡುವವರು, ಅಕ್ಕಿ ಚೀಲವನ್ನು ಆಟೋದಲ್ಲಿಡುವವರು ಅದೇ ಹುಡುಗರು. "ನಿನಗೇನಪ್ಪ, ಕೈಕಾಲು ಗಟ್ಟಿ ಇದೆ" ಎನ್ನುತ್ತಾಳೆ. ಇರಬಹುದು. ಸ್ಟುಟ್‌ಗಾರ್ಟ್‌ನಲ್ಲಿ ಗಲ್ಲಾದವಳು ಪಟಪಟನೆ ತಳ್ಳಿದ ಸಾಮಾನನ್ನು ತುಂಬಿಕೊಳ್ಳಲು ಊರುಗೋಲಿನ ಅಜ್ಜಿಯರು ಒದ್ದಾಡುವುದನ್ನು ನೋಡಿದ್ದೇನೆ. ಹಿಂದಿನ ಸಾಲು ಗಡಿಯಾರ ನೋಡುತ್ತಿರುತ್ತದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಅವಳನ್ನು ಒಬ್ಬಳೇ ಅಂಗಡಿಗೆ ಕಳಿಸುವ ಧೈರ್ಯ ನನಗೆ ಬರಲಿಲ್ಲ. ಮೈಸೂರಿನಲ್ಲಿ ಈಗಲೂ ಒಬ್ಬಳೇ ಹೋಗಿ ಬರುತ್ತಾಳೆ.