ಹೊಳಪಿಗಿಂತ ತೇವ ತಾಳುವುದು ಮುಖ್ಯ

ಉಷ್ಣವಲಯದ ದೇಶಕ್ಕೆ ಹೋಗಿ ನೆಲೆಸುವವರು ಮನೆಗೆ ಮರದ ನೆಲ, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕಪಾಟು ಹಾಕಿಸಬಹುದು ಅಂತ ಲೇಖನದಲ್ಲಿ ಬರೆದಿದ್ದೀರಿ. ನೋಡಲು ಚಂದ, ಒಪ್ಪುತ್ತೇನೆ. ಆದರೆ ಎಂಡಿಎಫ್ ಅಂಚಿಗೆ ಒಮ್ಮೆ ನೀರು ಸೇರಿದರೆ ಉಬ್ಬುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ನಮ್ಮ ಅಡುಗೆಮನೆಯ ಕಪಾಟುಗಳು ಎರಡೇ ಮಳೆಗಾಲಕ್ಕೆ ಹಾಳಾದವು. ತುಂಬಾ ಬೇಜಾರಾಗಿತ್ತು. ನೆಲಕ್ಕೆ ಪೋರ್ಸಲಿನ್ ಟೈಲ್ಸ್ ಸಾಕು, ಅದು ನೀರು ಹೀರುವುದು ಶೇ. 0.5ಕ್ಕಿಂತ ಜಾಸ್ತಿ ಇರುವುದಿಲ್ಲ. ಬಚ್ಚಲು, ವರಾಂಡಕ್ಕೆ ಮಾತ್ರ ಜಾರದಂಥದ್ದು ನೋಡಿ.

ಸಮುದ್ರ ಹತ್ತಿರವಿದ್ದರೆ ಸ್ಕ್ರೂಗಳನ್ನೂ ನೋಡಿ ತೆಗೆದುಕೊಳ್ಳಬೇಕು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಉಪ್ಪುಗಾಳಿಗೆ ಕಂದು ಕಲೆ ಬೀಳುತ್ತದೆ. 316 ದರ್ಜೆಯದರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರುವುದರಿಂದ ಹೆಚ್ಚು ತಾಳುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಗಾಳಿ. ಎದುರುಬದುರು ಕಿಟಕಿ ಇರಲಿ, ಅದಕ್ಕೆ ಸೊಳ್ಳೆ ಜಾಲರಿ ಇರಲಿ. ಮಳೆ ಬಂದಾಗಲೂ ತೆರೆದಿಡುವಷ್ಟು ಸೂರು ಮುಂದೆ ಚಾಚಿರಬೇಕು. ಕೆಲವು ತಿಂಗಳು ಮನೆ ಮುಚ್ಚಿ ಸ್ವದೇಶಕ್ಕೆ ಹೋಗಿಬರುವವರು ಗಾಳಿಯ ವಿಷಯ ಮರೆಯಲೇಬಾರದು. ವಾಪಸ್ ಬಂದು ಬೀರು ತೆಗೆದರೆ ಬಟ್ಟೆಗೆಲ್ಲ ಬೂಷ್ಟು ಹಿಡಿದಿರುತ್ತದೆ, ಅಲ್ವಾ? ಬೀರುವಿಗೆ ಗಾಳಿಯಾಡುವ ಬಾಗಿಲು ಹಾಕಿಸಿ, ಗೋಡೆಗೆ ಒತ್ತದಂತೆ ಸ್ವಲ್ಪ ಮುಂದಕ್ಕೆ ಇಡಿ.