ಬಿಟ್ಟು ಹೋದವನಿಗೆ ಬೈಯುವುದೂ ಒಂದು ಸೆಂಡಾಫ್

ಅಕ್ಟೋಬರ್ ಮೊದಲ ಎರಡು ವಾರ ಮೆಲ್ಬರ್ನ್‌ನಲ್ಲಿ ಯಾರಿಂದಲೂ ಸರಿಯಾಗಿ ಕೆಲಸ ತೆಗೆಯೋಕೆ ಆಗಲ್ಲ. ಸೆಪ್ಟೆಂಬರ್ ಕೊನೆಗೆ ಇಲ್ಲಿನ ದೊಡ್ಡ ಮೈದಾನ ಎಂಸಿಜಿಯಲ್ಲಿ ಫುಟಿಯ, ಅಂದರೆ ಆಸ್ಟ್ರೇಲಿಯಾದವರದ್ದೇ ಆದ ಫುಟ್‌ಬಾಲ್‌ನ, ಗ್ರ್ಯಾಂಡ್ ಫೈನಲ್ ಮುಗಿದಿರುತ್ತದೆ, ಮೈದಾನದಲ್ಲಿ ಆಟ ಇಲ್ಲ, ಆದರೂ ಎಲ್ಲರ ಕಣ್ಣು ಮೊಬೈಲ್ ಮೇಲೆ. ಟ್ರೇಡ್ ಶುರುವಾಗಿರುತ್ತದೆ. ಯಾವ ಆಟಗಾರ ಯಾವ ಕ್ಲಬ್ ಬಿಟ್ಟು ಎಲ್ಲಿಗೆ ಹೋಗುತ್ತಾನೆ ಅಂತ ತೀರ್ಮಾನ ಆಗುವುದು ಈ ದಿನಗಳಲ್ಲೇ. ಎಂಟು ಹತ್ತು ವರ್ಷ ಒಂದೇ ಬಣ್ಣದ ಅಂಗಿಯಲ್ಲಿ ನೋಡಿದವನು ಒಂದು ಮಧ್ಯಾಹ್ನ ಬೇರೆ ಕ್ಲಬ್‌ನ ಅಂಗಿ ಎತ್ತಿ ಹಿಡಿದು ಫೋಟೋದಲ್ಲಿ ನಗುತ್ತಿರುತ್ತಾನೆ. ಮೈದಾನಕ್ಕೆ ಹೋಗಿ ಕೈಬೀಸುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಆದರೂ ಇಲ್ಲಿನ ಅಭಿಮಾನಿಗಳು ಬೀಳ್ಕೊಡದೆ ಬಿಡುವುದಿಲ್ಲ. ಕೆಲವರು ಥ್ಯಾಂಕ್ಸ್ ಹೇಳುತ್ತಾರೆ, ಕೆಲವರು ಬಾಯಿಗೆ ಬಂದಂತೆ ಬೈಯುತ್ತಾರೆ, ಬಹಳ ಜನ ಒಂದೇ ಉಸಿರಿನಲ್ಲಿ ಎರಡನ್ನೂ ಮಾಡುತ್ತಾರೆ. ನನಗೆ ಈ ರೀತಿ ತುಂಬಾ ಹಿಡಿಸಿದೆ, ಬೈಗುಳವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾವು ಕನ್ನಡಿಗರು ನಮ್ಮ ಆಟಗಾರರನ್ನು ತಲೆ ಮೇಲೆ ಹೊತ್ತು ಮೆರೆಸುತ್ತೇವೆ ನಿಜ, ಆದರೆ ಅವರು ಬಿಟ್ಟು ಹೋಗುವಾಗ ಏನು ಮಾಡಬೇಕು ಅಂತ ನಮಗೆ ತೋಚುವುದೇ ಇಲ್ಲ.

ಈ ಆಟ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕ್ರಿಕೆಟ್ ಆಡುವಂಥ ದೊಡ್ಡ ಅಂಡಾಕಾರದ ಮೈದಾನ, ಅಂಡಾಕಾರದ್ದೇ ಚೆಂಡು, ಒಂದೊಂದು ಕಡೆ 18 ಜನ. ಕ್ಲಬ್‌ಗಳೂ 18. ಅರ್ಧಕ್ಕಿಂತ ಜಾಸ್ತಿ ಕ್ಲಬ್‌ಗಳು ಮೆಲ್ಬರ್ನ್ ಮತ್ತು ಸುತ್ತಮುತ್ತಲಿನವು. ಇಲ್ಲಿನವರು ಸುಮ್ನೆ ಅಭಿಮಾನಿಗಳಲ್ಲ, ವರ್ಷವರ್ಷ ದುಡ್ಡು ಕಟ್ಟುವ ಮೆಂಬರ್‌ಗಳು. ಕಾಲಿಂಗ್‌ವುಡ್, ರಿಚ್ಮಂಡ್‌ನಂಥ ಕ್ಲಬ್‌ಗಳು 1 ಲಕ್ಷ ಮೆಂಬರ್‌ಗಳನ್ನು ದಾಟಿವೆ. ಮೆಲ್ಬರ್ನ್‌ನ ಕ್ಲಬ್‌ಗಳಲ್ಲಿ ಆಡಳಿತ ಮಂಡಳಿಗೆ ವೋಟು ಹಾಕುವವರೂ ಮೆಂಬರ್‌ಗಳೇ. 1996ರಲ್ಲಿ ಹಾಥಾರ್ನ್ ಕ್ಲಬ್ಬನ್ನು ಮೆಲ್ಬರ್ನ್ ಎನ್ನುವ ಇನ್ನೊಂದು ಕ್ಲಬ್ ಜೊತೆ ಸೇರಿಸಿಬಿಡಬೇಕು ಅಂತ ಮಾತು ಬಂದಾಗ ಹಾಥಾರ್ನ್ ಮೆಂಬರ್‌ಗಳು ವೋಟು ಹಾಕಿ ಆಗಲ್ಲ ಅಂದರು, ಕ್ಲಬ್ ಉಳಿಯಿತು. ಹೀಗೆ ತಮ್ಮ ವೋಟಿನಿಂದ ಉಳಿಸಿಕೊಂಡ ಕ್ಲಬ್ಬನ್ನು ಒಬ್ಬ ಆಟಗಾರ ಬಿಟ್ಟು ಹೋದರೆ ಅವರಿಗೆ ಅದು ಮನೆಯ ವಿಷಯವೇ ಆಗುತ್ತದೆ, ಅಲ್ವಾ?

ನಾನು ಹಾಥಾರ್ನ್ ಕಡೆಯವನು. ಪಕ್ಕದ ಮನೆಯ ಅಜ್ಜ ಹಾಥಾರ್ನ್ ಕಡೆ, ಅದಕ್ಕೇ ನಾನೂ ಅದೇ ಕಡೆ. ಇಲ್ಲಿ ಬಹುತೇಕ ಎಲ್ಲರಿಗೂ ಕ್ಲಬ್ ಬರುವುದು ಹೀಗೆಯೇ, ಅಪ್ಪನಿಂದಲೋ ಬೀದಿಯಿಂದಲೋ. ಅಜ್ಜನ ಹತ್ತಿರ ಕಂದು-ಹಳದಿ ಪಟ್ಟಿಯ ಉಣ್ಣೆಯ ಮಫ್ಲರ್ ಒಂದಿದೆ. ಅದರ ತುಂಬಾ ಆಟಗಾರರ ಮುಖ ಇರುವ ದುಂಡನೆಯ ತಗಡಿನ ಬ್ಯಾಡ್ಜ್‌ಗಳು, ಕೆಲವದರ ಬಣ್ಣ ಹೋಗಿ ಮುಖ ಯಾರದ್ದು ಅಂತಲೂ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಅದನ್ನು ಹಾಕಿಕೊಂಡರೆ ನಡೆಯುವಾಗ ಗಿಲಗಿಲ ಸದ್ದು. ಲ್ಯಾನ್ಸ್ ಫ್ರಾಂಕ್ಲಿನ್ ಕ್ಲಬ್ ಬಿಟ್ಟ ವರ್ಷ ಅಜ್ಜ ಅವನ ಬ್ಯಾಡ್ಜ್ ಕಿತ್ತು ಬಿಸಾಕಲಿಲ್ಲ. ಮಫ್ಲರ್‌ನ ಒಳಮಗ್ಗುಲಿಗೆ ಚುಚ್ಚಿಕೊಂಡರು. "ಇದ್ದಾನೆ, ಆದರೆ ಅವನ ಮುಖ ನಾನು ನೋಡಬೇಕಾಗಿಲ್ಲ" ಅಂದರು.

ಫ್ರಾಂಕ್ಲಿನ್ ಹೋಗಿದ್ದು ಹೇಗೆ ಅಂತ ತಿಳಿದರೆ ಅಜ್ಜನ ಸಿಟ್ಟು ಅರ್ಥವಾಗುತ್ತದೆ. 2008ರಲ್ಲಿ ಒಂದೇ ಸೀಸನ್‌ನಲ್ಲಿ ನೂರಕ್ಕೂ ಹೆಚ್ಚು ಗೋಲು ಹೊಡೆದು ಕಪ್ ಗೆಲ್ಲಿಸಿದವನು. 2013ರಲ್ಲಿ ಮತ್ತೆ ಕಪ್ ಬಂತು. ಅದು ಗೆದ್ದು ವಾರ ಕೂಡ ಆಗಿರಲಿಲ್ಲ, ಸಿಡ್ನಿ ಕ್ಲಬ್‌ಗೆ ಹೋಗುತ್ತಾನೆ, ಒಂಬತ್ತು ವರ್ಷಕ್ಕೆ 1 ಕೋಟಿ ಡಾಲರ್ ಅಂತ ಸುದ್ದಿ ಬಂತು. ಕಪ್ ಗೆದ್ದ ಖುಷಿಯೂ ಹೋಯ್ತು. ಮುಂದಿನ ವರ್ಷವೇ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ಎದುರಿಗೆ ಬಂದಿದ್ದು ಅದೇ ಸಿಡ್ನಿ. ಹಾಥಾರ್ನ್ 63 ಪಾಯಿಂಟ್‌ಗಳಿಂದ ಗೆದ್ದಿತು. ಆ ದಿನ ಇಲ್ಲಿನವರು ಪಟ್ಟ ಸಂತೋಷದಲ್ಲಿ ಕಪ್ಪಿನ ಪಾಲೆಷ್ಟು, ಅವನು ಸೋತ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಆಮೇಲೆ ಕಾಲ ಸರಿಯಿತು. 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಅವನು ಸಾವಿರದ ಗೋಲು ಹೊಡೆದಾಗ ಜನ ಬೇಲಿ ಹಾರಿ ಸಾವಿರಗಟ್ಟಲೆ ಮೈದಾನಕ್ಕೆ ನುಗ್ಗಿದರು, ಆಟ ಅರ್ಧ ಗಂಟೆಯಷ್ಟು ನಿಂತಿತು. ಅಜ್ಜ ಟಿವಿ ಮುಂದೆ ಕುಳಿತು ಮೊದಲ ಐನೂರಕ್ಕೂ ಜಾಸ್ತಿ ಗೋಲು ನಮ್ಮ ಅಂಗಿಯಲ್ಲೇ ಹೊಡೆದದ್ದು ಅಂತ ನನಗೆ ಲೆಕ್ಕ ಒಪ್ಪಿಸಿದರು. ಸಿಟ್ಟು ಇಳಿದಿತ್ತು. ಸಿಟ್ಟು ಮಾಡಿಕೊಂಡಿದ್ದರಿಂದಲೇ ಇಳಿಯಿತು ಅಂತ ನನ್ನ ಅನಿಸಿಕೆ. ಎಂಟು ವರ್ಷ ಎದುರು ಬಂದಾಗಲೆಲ್ಲ ಬೂ ಅಂತ ಕೂಗಿ ಕೂಗಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹಾಕಿದ್ದರು.

ಆಟಗಾರನೇ ಬಿಟ್ಟು ಹೋದರೆ ಹೀಗೆ. ಕ್ಲಬ್ಬೇ ಕಳಿಸಿದರೆ? ಅದು ಇನ್ನೂ ಫಜೀತಿ. 2016ರ ಕೊನೆಗೆ ಹಾಥಾರ್ನ್ 2008ರಿಂದ 2015ರವರೆಗೆ ಗೆದ್ದ ನಾಲ್ಕು ಕಪ್‌ಗಳಲ್ಲೂ ಆಡಿದ್ದ ಸ್ಯಾಮ್ ಮಿಚೆಲ್‌ನನ್ನು ದೂರದ ಪರ್ತ್‌ನ ವೆಸ್ಟ್ ಕೋಸ್ಟ್‌ಗೆ, ಜೋರ್ಡನ್ ಲೂಯಿಸ್‌ನನ್ನು ಮೆಲ್ಬರ್ನ್ ಕ್ಲಬ್‌ಗೆ ಕಳಿಸಿಬಿಟ್ಟಿತು. ಯಾರಿಗೆ ಬೈಯುವುದು? 2008ರಲ್ಲಿ ಮಿಚೆಲ್ ಕ್ಯಾಪ್ಟನ್ ಆಗಿ ಕಪ್ ಎತ್ತಿದವನು. ಮೆಂಬರ್‌ಗಳು ಕ್ಲಬ್ ಮೇಲೆ ತಿರುಗಿ ಬಿದ್ದರು, ಮತ್ತೆ ಮಾರ್ಚ್ ಬರುವಷ್ಟರಲ್ಲಿ ಅದೇ ಕ್ಲಬ್‌ಗೆ ದುಡ್ಡು ಕಟ್ಟಿದರು. 2022ರಿಂದ ಆ ಮಿಚೆಲ್ಲೇ ಹಾಥಾರ್ನ್ ಕೋಚ್! ನಮ್ಮ ಆಫೀಸಿನಲ್ಲಿ ಕಾಲಿಂಗ್‌ವುಡ್ ಕಡೆಯ ಹೆಂಗಸೊಬ್ಬರಿದ್ದಾರೆ, ಅವರ ಸಂಕಟ ಇದಕ್ಕಿಂತ ದೊಡ್ಡದು. 2020ರಲ್ಲಿ ಅವರ ಕ್ಲಬ್ ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯೊಳಗೆ ಬರುವುದಕ್ಕಾಗಿ, ಇನ್ನೂ ವರ್ಷಗಟ್ಟಲೆ ಕಾಂಟ್ರಾಕ್ಟ್ ಇದ್ದ ಆಡಂ ಟ್ರೆಲೋರ್‌ನನ್ನು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ದಾಟಿಸಿತು. ಅವರು ಈಗಲೂ ಟ್ರೆಲೋರ್ ಆಡಿದರೆ ಚಪ್ಪಾಳೆ ತಟ್ಟುತ್ತಾರೆ, ಆವತ್ತಿನ ಆಡಳಿತದವರ ಹೆಸರೆತ್ತಿದರೆ ಮಾತ್ರ ಟೀ ಕಪ್ ಕೆಳಗಿಟ್ಟು ಶುರು ಮಾಡುತ್ತಾರೆ.

ನಿವೃತ್ತಿಯಾಗುವವರ ಬೀಳ್ಕೊಡುಗೆ ಬೇರೆ ತರಹ, ಅದಕ್ಕೆ ಪದ್ಧತಿಯೇ ಇದೆ. ಅಭಿಮಾನಿಗಳ ತಂಡದವರು ಕೆಲಸ ಮುಗಿಸಿ ಬಂದು ಸಂಜೆಗಳಲ್ಲಿ ನೆಲದ ಮೇಲೆ ಕೂತು ಕ್ರೇಪ್ ಪೇಪರ್ ಮತ್ತು ಟೇಪಿನಿಂದ ಮನೆಯಷ್ಟು ಎತ್ತರದ ಬ್ಯಾನರ್ ಮಾಡುತ್ತಾರೆ. ಪಂದ್ಯದ ದಿನ ಅದನ್ನು ಕಂಬಗಳಿಗೆ ಕಟ್ಟಿ ಎತ್ತುತ್ತಾರೆ, ಆಟಗಾರ ಮಕ್ಕಳನ್ನು ಎತ್ತಿಕೊಂಡು ಅದರ ನಡುವೆ ಓಡಿ ಹರಿಯುತ್ತಾನೆ. ವಾರದ ದುಡಿಮೆ ಎರಡು ಸೆಕೆಂಡಿನಲ್ಲಿ ಚಿಂದಿ. ಯಾರಿಗೂ ಬೇಜಾರಿಲ್ಲ, ಹರಿಯುವುದಕ್ಕೇ ಮಾಡಿದ್ದು. ಪಂದ್ಯ ಮುಗಿದ ಮೇಲೆ ಇಬ್ಬರು ಜೊತೆಗಾರರು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಾರೆ, ದೊಡ್ಡ ಆಟಗಾರನಾದರೆ ಎದುರಾಳಿಗಳೂ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ.

ಗ್ಯಾರಿ ಎಬ್ಲೆಟ್ ಜೂನಿಯರ್ 2010ರಲ್ಲಿ ಜೀಲಾಂಗ್ ಬಿಟ್ಟು ಹೊಸದಾಗಿ ಹುಟ್ಟಿದ ಗೋಲ್ಡ್ ಕೋಸ್ಟ್‌ಗೆ ಹೋದವನು, 2018ರಲ್ಲಿ ವಾಪಸು ಬಂದ. ಅವನ ಕೊನೆಯ ಪಂದ್ಯ 2020ರ ಗ್ರ್ಯಾಂಡ್ ಫೈನಲ್, ಕೋವಿಡ್ ಕಾರಣ ಬ್ರಿಸ್ಬೇನ್‌ನ ಗಾಬಾದಲ್ಲಿ. ಶುರುವಿನಲ್ಲೇ ಭುಜಕ್ಕೆ ಪೆಟ್ಟು ಬಿತ್ತು, ಆದರೂ ಆಡಿದ, ಸೋತ. ಕಪ್ ಗೆದ್ದ ರಿಚ್ಮಂಡ್ ಆಟಗಾರರು ತಮ್ಮ ಕುಣಿತ ನಿಲ್ಲಿಸಿ ಜೀಲಾಂಗ್‌ನವರ ಜೊತೆ ಸಾಲು ನಿಂತು ಅವನನ್ನು ಕಳಿಸಿಕೊಟ್ಟರು. ಇದರ ಮುಂದಿನ ವರ್ಷ ನಮ್ಮ ಶಾನ್ ಬರ್ಗೋಯ್ನ್. 407 ಪಂದ್ಯ ಆಡಿದ, 400 ದಾಟಿದ ಮೊದಲ ಮೂಲನಿವಾಸಿ ಆಟಗಾರ. ಕೊನೇ ಪಂದ್ಯ ಎಂಸಿಜಿಯಲ್ಲೇ, ಆದರೆ ಊರಿಗೆ ಊರೇ ಲಾಕ್‌ಡೌನ್, ಲಕ್ಷ ಜನ ಹಿಡಿಸುವ ಮೈದಾನದಲ್ಲಿ ನರಪಿಳ್ಳೆ ಇಲ್ಲ. ಪಂದ್ಯ ಡ್ರಾ ಬೇರೆ ಆಯಿತು. ಆ ಸಾಲವನ್ನು ಹಾಥಾರ್ನ್‌ನವರು ಇನ್ನೂ ತೀರಿಸಿಲ್ಲ ಅಂತ ಅಜ್ಜ ಗೊಣಗುವುದುಂಟು.

ಎಲ್ಲವೂ ಇಷ್ಟು ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೇಲೆ ನಾನು ಹೊಗಳಿದ ಅದೇ ಬೂ ಕೂಗು 2015ರಲ್ಲಿ ಆಡಂ ಗುಡ್ಸ್ ವಿಷಯದಲ್ಲಿ ಏನಾಯಿತು ಅಂತ ನೋಡಿ. ಸಿಡ್ನಿಗೆ ಎರಡು ಕಪ್ ಗೆದ್ದುಕೊಟ್ಟವನು, ಎರಡು ಸಲ ವರ್ಷದ ಅತ್ಯುತ್ತಮ ಆಟಗಾರ, 2014ರಲ್ಲಿ ದೇಶದ ವರ್ಷದ ವ್ಯಕ್ತಿ ಗೌರವ ಪಡೆದವನು. ಮೂಲನಿವಾಸಿಯಾದ ಅವನು ಜನಾಂಗೀಯ ನಿಂದನೆಯ ವಿರುದ್ಧ ಬಾಯಿ ಬಿಟ್ಟ ಅಂತ ವಾರವಾರ, ಊರೂರಿನಲ್ಲಿ, ಚೆಂಡು ಮುಟ್ಟಿದಾಗಲೆಲ್ಲ ಕೂಗಿದರು. ಅವನು ಕ್ಲಬ್ ಬಿಟ್ಟಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಆ ವರ್ಷದ ಕೊನೆಗೆ ಆಟ ನಿಲ್ಲಿಸಿದ, ಗ್ರ್ಯಾಂಡ್ ಫೈನಲ್ ದಿನ ನಿವೃತ್ತರನ್ನು ಕರೆದುಕೊಂಡು ಬರುವ ಮೆರವಣಿಗೆಗೂ ಬರಲಿಲ್ಲ. 2019ರಲ್ಲಿ ಲೀಗ್ ಮತ್ತು ಕ್ಲಬ್‌ಗಳೆಲ್ಲ ಸೇರಿ ಕ್ಷಮೆ ಕೇಳಿದವು. 2021ರಲ್ಲಿ ಹಾಲ್ ಆಫ್ ಫೇಮ್‌ಗೆ ಕರೆದರೆ ಬೇಡ ಅಂದ. ಒಳ್ಳೆಯದೇ ಮಾಡಿದ. ಬಿಟ್ಟು ಹೋದವನ ಮೇಲಿನ ಮುನಿಸು ಬೇರೆ, ಇದು ಬೇರೆ. ಇವೆರಡನ್ನೂ ಒಂದೇ ಅಂತ ವಾದಿಸುವವರು ನನ್ನ ಆಫೀಸಿನಲ್ಲೂ ಇದ್ದಾರೆ, ಅವರ ಜೊತೆ ನಾನು ಫುಟಿ ಮಾತಾಡುವುದಿಲ್ಲ.

ಈಗ ನಮ್ಮ ಕಡೆ ಬನ್ನಿ. ರಾಹುಲ್ ದ್ರಾವಿಡ್ ಅವರ ಕೊನೇ ಟೆಸ್ಟ್ ನಡೆದದ್ದು ಇದೇ ದೇಶದ ಅಡಿಲೇಡ್‌ನಲ್ಲಿ, 2012ರ ಜನವರಿಯಲ್ಲಿ. 1 ಮತ್ತು 25 ಹೊಡೆದು ಔಟಾಗಿ ನಡೆದು ಹೋದರು. ಇದೇ ಕೊನೆ ಅಂತ ಸ್ಟ್ಯಾಂಡ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಹೇಳಿದರು, ಮುಗಿಯಿತು. ಅನಿಲ್ ಕುಂಬ್ಳೆ ಅವರನ್ನು 2008ರಲ್ಲಿ ತಂಡದವರು ಹೆಗಲ ಮೇಲೆ ಹೊತ್ತರು, ಆದರೆ ಅದು ದೆಹಲಿಯಲ್ಲಿ. ಬೆಂಗಳೂರಿನ ಜನ ಟಿವಿಯಲ್ಲಿ ನೋಡಿದರು.

ದೇಶದ ತಂಡದ ಮಾತು ಬಿಡಿ, ಅದು ಕ್ಲಬ್ ಅಲ್ಲ. ಆರ್‌ಸಿಬಿ ಇದೆಯಲ್ಲ. 2008ರಲ್ಲಿ ದ್ರಾವಿಡ್ ಆರ್‌ಸಿಬಿಯ ಮೊದಲ ಕ್ಯಾಪ್ಟನ್. 2011ರ ಹರಾಜಿನಲ್ಲಿ ರಾಜಸ್ಥಾನದವರು ತೆಗೆದುಕೊಂಡರು. ನಮ್ಮೂರಿನ ಹುಡುಗ ಬೇರೆ ಊರಿನ ಅಂಗಿ ಹಾಕಿದ ಅಂತ ಯಾರ ಮೇಲೆ ಸಿಟ್ಟು ಮಾಡಿಕೊಳ್ಳೋಣ? ಅವರೇನು ಬಿಟ್ಟು ಹೋಗಲಿಲ್ಲ, ಹರಾಜು ಕೂಗುವವನ ಸುತ್ತಿಗೆ ಬಿತ್ತು ಅಷ್ಟೇ. ಮಹಮ್ಮದ್ ಸಿರಾಜ್ ಏಳು ವರ್ಷ ಆರ್‌ಸಿಬಿಯಲ್ಲಿದ್ದು, 2025ರ ಏಪ್ರಿಲ್‌ನಲ್ಲಿ ಗುಜರಾತ್ ಕಡೆಯಿಂದ ಚಿನ್ನಸ್ವಾಮಿಗೆ ಬಂದು 19 ರನ್ನಿಗೆ 3 ವಿಕೆಟ್ ಕಿತ್ತ. ಅದೇ ತಿಂಗಳು ಕೆ.ಎಲ್. ರಾಹುಲ್ ಡೆಲ್ಲಿ ಕಡೆಯಿಂದ ಬಂದು 93 ಹೊಡೆದು ನಾಟೌಟ್ ಉಳಿದು, ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು ಇದು ನನ್ನ ಮೈದಾನ ಅಂತ ತೋರಿಸಿದ. ಒಂದು ರೀತಿಯಲ್ಲಿ ಅವನೇ ನಮಗೆ ಬೂ ಹಾಕಿದ ಹಾಗಾಯಿತು. ಸರಿಯಾಗೇ ಹಾಕಿದ. ಮೆಲ್ಬರ್ನ್‌ನಲ್ಲಿ ಕೂತು ಅದನ್ನು ನೋಡಿದ ನನಗೆ ಆರ್‌ಸಿಬಿ ಸೋತ ಬೇಜಾರಿಗಿಂತ ಅವನ ಮೇಲೆ ಪ್ರೀತಿಯೇ ಜಾಸ್ತಿ ಬಂತು.

ಆರ್‌ಸಿಬಿಯವರು ಡಿವಿಲಿಯರ್ಸ್ ಅವರ 17, ಗೇಲ್ ಅವರ 333 ನಂಬರಿನ ಅಂಗಿ ಇನ್ನು ಯಾರಿಗೂ ಇಲ್ಲ ಅಂತ 2023ರಲ್ಲಿ ಎತ್ತಿಟ್ಟರು. ಗೌರವ ಅಂತ ಒಪ್ಪುತ್ತೇನೆ, ಆದರೆ ನನಗೆ ಹಾಥಾರ್ನ್‌ನ 23ರ ರೀತಿಯೇ ಇಷ್ಟ. ಡಾನ್ ಸ್ಕಾಟ್ ಹಾಕಿದ್ದ ನಂಬರ್ ಡರ್ಮಟ್ ಬ್ರೆರಟನ್‌ಗೆ ಬಂತು, ಆಮೇಲೆ ಫ್ರಾಂಕ್ಲಿನ್‌ಗೆ, ಅವನು ಹೋದ ಮೇಲೆ ಇನ್ನೊಬ್ಬ ಹುಡುಗನಿಗೆ. ಫುಟಿ ಅಂಗಿಯ ಬೆನ್ನಿನ ಮೇಲೆ ಸಾಮಾನ್ಯವಾಗಿ ಹೆಸರಿರುವುದಿಲ್ಲ, ನಂಬರ್ ಅಷ್ಟೇ. ಮಗುವಿಗೆ ಕೊಂಡ ಅಂಗಿ ಆಟಗಾರ ಹೋದರೂ ವೇಸ್ಟ್ ಆಗುವುದಿಲ್ಲ!

ನಮ್ಮಲ್ಲಿ ಸೆಂಡಾಫ್ ಮಾಡಲು ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತಾಲ್ಲೂಕು ಆಫೀಸಿನ ಗುಮಾಸ್ತರು ನಿವೃತ್ತರಾದರೂ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಅದರ ಮೇಲೆ ಎರಡು ಗಂಟೆ ಭಾಷಣ. ವರ್ಗಾವಣೆಯಾದ ಮೇಷ್ಟ್ರನ್ನು ಕಳಿಸಿಕೊಡುವಾಗ ಮಕ್ಕಳು ಬಸ್ಸಿಗೆ ಅಡ್ಡ ನಿಂತು ಅತ್ತದ್ದನ್ನು ಪೇಪರಿನಲ್ಲಿ ಓದಿದ್ದೇವೆ. ಕ್ರಿಕೆಟ್ಟಿಗೆ ಬಂದಾಗ ಮಾತ್ರ ಆಟಗಾರ ಹೋದದ್ದು ನಮಗೆ ಗೊತ್ತಾಗುವುದು ಹರಾಜಿನ ಪಟ್ಟಿಯಿಂದ.

ಹರಾಜು ತೆಗೆಯಿರಿ ಅಂದರೆ ಯಾರೂ ಕೇಳುವುದಿಲ್ಲ, ಅದರಲ್ಲಿ ದುಡ್ಡಿದೆ. ಕೇಳುವುದು ಸಣ್ಣದು. ಮುಂದಿನ ದೊಡ್ಡ ಹರಾಜಿಗೆ ಮುಂಚಿನ ಸೀಸನ್‌ನಲ್ಲಿ ತವರಿನ ಕೊನೇ ಪಂದ್ಯ ಮುಗಿದ ಮೇಲೆ ಹದಿನೈದು ನಿಮಿಷ ಗೇಟು ಹಾಕಬೇಡಿ, ಡಿಜೆ ನಿಲ್ಲಿಸಿ, ಇಡೀ ತಂಡ ಬೌಂಡರಿ ಸುತ್ತ ಒಂದು ಸುತ್ತು ಬರಲಿ. ಕೊಹ್ಲಿ ಮಾತ್ರ ಅಲ್ಲ, ಎರಡೇ ಪಂದ್ಯ ಆಡಿದ ಹುಡುಗನೂ, ಬೆಂಚಿನಲ್ಲಿ ನೀರು ಹೊತ್ತವನೂ ಬರಲಿ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅಂತ ಆವತ್ತು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎಲ್ಲರಿಗೂ ತಟ್ಟೋಣ. ಮುಂದಿನ ವರ್ಷ ಬೇರೆ ಅಂಗಿಯಲ್ಲಿ ಬಂದು ನಮ್ಮ ಸ್ಟಂಪ್ ಹಾರಿಸಿದರೆ ಆಗ ಬಾಯ್ತುಂಬಾ ಬೈದರಾಯಿತು.