ಕೆರೆ ಕ್ಲೀನ್ ಆಯ್ತು, ಬಿಲ್ಲೂ ಆಯ್ತು. ಆಮೇಲೆ?

ಬೇಸಿಗೆ ಬಂತು ಅಂದ್ರೆ ಕೆರೆ ಏರಿ ಮೇಲೆ ಹಿಟಾಚಿ ಬಂದು ನಿಲ್ಲುತ್ತದೆ. ಪೂಜೆ ಆಗುತ್ತದೆ, ಫೋಟೊ ಆಗುತ್ತದೆ. ಒಂದಷ್ಟು ದಿನ ಅಂತರಗಂಗೆ ಅನ್ನೋ ತೇಲುಕಳೆಯನ್ನು (ವಾಟರ್ ಹಯಸಿಂತ್) ಎಳೆದೆಳೆದು ದಡಕ್ಕೆ ಹಾಕುತ್ತಾರೆ. ನೀರು ಕಂಡ ಕೂಡಲೇ ಎಲ್ಲರಿಗೂ ಖುಷಿ. ದೀಪಾವಳಿ ಹೊತ್ತಿಗೆ ಹೋಗಿ ನೋಡಿದರೆ ಮತ್ತೆ ಹಸಿರು ಮೈದಾನ. ಮುಂದಿನ ಬೇಸಿಗೆಗೆ ಮತ್ತೊಂದು ಟೆಂಡರ್. ಬೆಂಗಳೂರು ಸುತ್ತಮುತ್ತ ಕೆರೆ ಪಕ್ಕ ಮನೆ ಮಾಡಿದವರಿಗೆ ಇದೇನೂ ಹೊಸದಲ್ಲ.

ನನ್ನ ತಕರಾರು ಹಿಟಾಚಿ ಮೇಲಲ್ಲ, ನಾವು ದುಡ್ಡು ಕೊಡೋ ರೀತಿ ಮೇಲೆ. ಎಷ್ಟು ಎಕರೆ ತೆಗೆದರು, ಎಷ್ಟು ಲೋಡ್ ಹೋಯಿತು ಅಂತ ಲೆಕ್ಕ ಹಾಕಿ ಬಿಲ್ ಪಾಸ್ ಮಾಡಿದರೆ ಗುತ್ತಿಗೆದಾರ ಲೋಡ್ ತುಂಬಿಸುತ್ತಾನೆ, ಅಷ್ಟೇ. ಅದು ಅವನ ತಪ್ಪೂ ಅಲ್ಲ.

ಒಂದು ಗಿಡ ಕೈಗೆ ತಗೊಂಡು ನೋಡಿ. ಎಲೆಯ ತೊಟ್ಟು ಉಬ್ಬಿಕೊಂಡಿರುತ್ತದೆ. ಮುರಿದರೆ ಒಳಗೆಲ್ಲಾ ಸ್ಪಂಜು, ತುಂಬಾ ಗಾಳಿ. ಕೆಳಗೆ ಗರಿಯ ಹಾಗೆ ಕಪ್ಪು ಬೇರು. ಬುಡದಿಂದ ಒಂದು ದಪ್ಪ ಬಳ್ಳಿ ಅಡ್ಡಕ್ಕೆ ಹೊರಟಿರುತ್ತದೆ, ಅದರ ತುದಿಯಲ್ಲಿ ಆಗಲೇ ಮರಿ ಗಿಡ. ಆ ಮರಿಗೂ ಒಂದು ಬಳ್ಳಿ. ಸೆಕೆಯ ದಿನಗಳಲ್ಲಿ, ಕೊಳಚೆ ನೀರು ಸಿಕ್ಕರೆ, ಎರಡು ವಾರದಲ್ಲಿ ಇದು ಎರಡರಷ್ಟಾಗುತ್ತದೆ.

ಈಗ ಲೆಕ್ಕ ಹಾಕಿ. ಹತ್ತು ಎಕರೆ ಕೆರೆ ಅಂದರೆ 400 ಗುಂಟೆ. ಹಿಟಾಚಿಯವರು ಪ್ರಾಮಾಣಿಕವಾಗಿ ನೂರಕ್ಕೆ 99 ಭಾಗ ತೆಗೆದರು ಅಂತಲೇ ಇಟ್ಕೊಳ್ಳಿ. ಕೋಡಿ ಹತ್ತಿರ, ಜೊಂಡಿನ ಸಂದಿಯಲ್ಲಿ ನಾಲ್ಕು ಗುಂಟೆ ಉಳಿಯಿತು. ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರು, ಆಮೇಲೆ 32, 64, 128, 256. ಏಳನೇ ಸಲಕ್ಕೆ ಕೆರೆಯೇ ಸಾಲದು. ಹದಿನಾಲ್ಕು ವಾರ, ಅಂದರೆ ಮೂರು ತಿಂಗಳು ಚಿಲ್ಲರೆ. ಇದರ ಮೇಲೆ ಬೀಜ ಬೇರೆ. ಕೆಸರಲ್ಲಿ ಬಿದ್ದ ಬೀಜ 20 ವರ್ಷ ಕಳೆದರೂ ಮೊಳೆಯುತ್ತದೆ.

ಹಾಗಾಗಿ ನಿಜವಾದ ಕೆಲಸ ಇರೋದು ಹಿಟಾಚಿ ವಾಪಸ್ ಹೋದ ಮಾರನೇ ದಿನದಿಂದ. ತೆಪ್ಪದಲ್ಲಿ ಇಬ್ಬರು ವಾರಕ್ಕೊಮ್ಮೆ ಸುತ್ತು ಹಾಕಿ, ಉಳಿದ ಗಿಡಗಳನ್ನು ಕೈಯಲ್ಲೇ ಕಿತ್ತು ತಂದರೆ ಸಾಕು. ಮೀನು ಹಿಡಿಯುವವರಿಗೇ ಕೂಲಿ ಕೊಟ್ಟರೆ ಸಂತೋಷವಾಗಿ ಮಾಡುತ್ತಾರೆ, ಯಾಕಂದರೆ ಕಳೆ ಮುಚ್ಚಿದರೆ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿ ಮೊದಲು ಸಾಯೋದು ಅವರ ಮೀನು. ಆದರೆ ಸರಿಯಾಗಿ ಇದೇ ಹೊತ್ತಿಗೆ ನಮ್ಮ ಕಡೆ ಗುತ್ತಿಗೆ ಮುಗಿದಿರುತ್ತದೆ!

ಇನ್ನು ಎಳೆದು ಹಾಕಿದ ರಾಶಿ. ಅದರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬರೀ ನೀರು. ಟಿಪ್ಪರ್‌ನಲ್ಲಿ ಸಾಗಿಸೋದು ದುಬಾರಿ ಅಂತ ದಡದಲ್ಲೇ ಬಿಡುತ್ತಾರೆ. ಮಳೆ ಬಂದರೆ ಕೊಳೆತ ರಸ ಪೂರ್ತಿ ವಾಪಸ್ ಕೆರೆಗೆ. ಗಿಡ ಹೀರಿಕೊಂಡಿದ್ದ ಗೊಬ್ಬರವನ್ನು ನಾವೇ ಅದಕ್ಕೆ ತಿರುಗಿ ಬಡಿಸಿದ ಹಾಗಾಯಿತು. ಔಷಧಿ ಹೊಡೆದರೂ ಇದೇ ಪಾಡು. ಸತ್ತ ಗಿಡ ತಳಕ್ಕೆ ಹೋಗಿ ಕೊಳೆಯುತ್ತದೆ.

'ಇದರಲ್ಲಿ ಬ್ಯಾಗು, ಬುಟ್ಟಿ ಮಾಡಬಹುದಂತೆ' ಅಂತ ಪ್ರತಿ ಸಲ ಯಾರಾದರೂ ಕಾಮೆಂಟ್ ಹಾಕುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಬ್ಯಾಗಿನ ವ್ಯಾಪಾರ ಚೆನ್ನಾಗಿ ನಡೆಯಬೇಕಾದರೆ ಕೆರೆ ತುಂಬಾ ಕಳೆ ಇರಬೇಕು, ಅಲ್ವಾ?

ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ಹೆಸರಘಟ್ಟದಲ್ಲೇ ನಡೆದಿತ್ತು. 1980ರ ದಶಕದಲ್ಲಿ ಅಲ್ಲಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರದೇಶದಿಂದ ಸೊಂಡಿಲು ಕೀಟಗಳನ್ನು ತರಿಸಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಅರ್ಧ ಸೆಂಟಿಮೀಟರ್ ಇರೋ ಹುಳ. ಎಲೆಯನ್ನು ಚುಕ್ಕಿ ಚುಕ್ಕಿಯಾಗಿ ಕೆರೆದು ತಿನ್ನುತ್ತದೆ, ಮರಿಹುಳ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ಕೆಲವೇ ವರ್ಷಗಳಲ್ಲಿ ಕಳೆ ಇಳಿಯಿತು. ಸಾಲ್ವಿನಿಯಾ ಅನ್ನೋ ಇನ್ನೊಂದು ತೇಲುಕಳೆಗೆ ಬೇರೆ ಜಾತಿಯ ಹುಳ ತರಿಸಿದರು. ಬೆಂಗಳೂರಿನ ಒಂದು ನೈದಿಲೆ ಕೊಳ ಒಂದು ವರ್ಷದೊಳಗೇ ಚೊಕ್ಕಟವಾಯಿತು. ಅದೇ ಹುಳ ಮುಂದೆ ಕೇರಳಕ್ಕೆ ಹೋಗಿ ಅಲ್ಲಿನ ಕಾಲುವೆ, ಗದ್ದೆಗಳನ್ನು ಉಳಿಸಿತು.

ಹಾಗಿದ್ದರೆ ಅಂತರಗಂಗೆ ಯಾಕೆ ವಾಪಸ್ ಬಂತು? ಹುಳ ನಿಧಾನ, ನಮ್ಮ ಕೊಳಚೆ ಜೋರು. ನಮ್ಮ ಬಚ್ಚಲು, ಕಕ್ಕಸು, ವಾಷಿಂಗ್ ಮಷೀನಿನ ನೀರು ರಾಜಕಾಲುವೆಗೆ ಸೇರಿ ಕೆರೆಗೆ ಬೀಳುತ್ತಿದ್ದರೆ ಹುಳ ತಿಂದಿದ್ದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಹಿಟಾಚಿ ಬಂದರಂತೂ ಗಿಡದ ಜೊತೆ ಹುಳವೂ ಟಿಪ್ಪರ್ ಹತ್ತುತ್ತದೆ. ಒಂದು ಮೂಲೆಯ ಗಿಡಗಳನ್ನು ಹುಳಕ್ಕೆ ಅಂತ ಬೇಲಿ ಹಾಕಿ ಬಿಡುವಷ್ಟು ವ್ಯವಧಾನ ನಮಗಿಲ್ಲ. ಹೀಗಿರುವಾಗ ಬರೀ ಹುಳ ನಂಬಿಕೊಂಡು ಕೂರೋದೂ ಆಗದ ಮಾತು.

ನಾನು ಕೇಳೋದು ಇಷ್ಟೇ. ಟೆಂಡರ್ ಒಂದೇ ಇರಲಿ, ಅವಧಿ ಎರಡು ವರ್ಷ ಇರಲಿ. ಅರ್ಧ ದುಡ್ಡು ತೆಗೆದದ್ದಕ್ಕೆ, ಉಳಿದರ್ಧ ತಿಂಗಳು ತಿಂಗಳು ನೀರಿನ ಮೇಲೆ ಕಳೆ ಇಲ್ಲದಿದ್ದರೆ ಮಾತ್ರ. ರಾಶಿ ದಡದಲ್ಲಿ ಬಿದ್ದಿದ್ದರೆ ಬಿಲ್ ಇಲ್ಲ. ಕೆರೆಗೆ ಬೀಳೋ ಕೊಳಚೆ ಪೈಪು ಎಷ್ಟು, ಅದರಲ್ಲಿ ಯಾವುದನ್ನು ಯಾವಾಗ ಮುಚ್ಚುತ್ತೀರಿ ಅಂತ ಎಸ್ಟಿಮೇಟ್ ಜೊತೆಗೇ ಬರೆದು ಕೊಡಲಿ.

ಹೋದ ಸಲದ ಎಸ್ಟಿಮೇಟ್ ಮತ್ತು ಬಿಲ್ಲಿನ ಪ್ರತಿ ಕೇಳಿ ಆರ್‌ಟಿಐ ಹಾಕೋಣ ಅಂತಿದ್ದೇನೆ. ಫೀಸು ಹತ್ತು ರೂಪಾಯಿ. ಅರ್ಜಿ ಬರೆದಿಟ್ಟಿದ್ದೇನೆ. ನಿಮ್ಮ ಕೆರೆಗೂ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ, ಹೆಸರು ಬದಲಾಯಿಸಿಕೊಂಡರೆ ಆಯಿತು.